ಕಲ್ಲು ನಿಂತ ಜಾಗ

ನನ್ನ ತಂಗಿ ನೆದರ್‌ಲ್ಯಾಂಡ್ಸ್‌ನಲ್ಲಿ ಕುಳಿತು ಬರೆದ ಪುಸ್ತಕದ ನಾಲ್ಕನೆಯ ಅಧ್ಯಾಯ ನಾನು ಹೇಳಿದ ಒಂದು ಸುಳ್ಳಿನ ಮೇಲೆ ನಿಂತಿದೆ. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಅದನ್ನು ತಿದ್ದಿಸಲು ನನಗೆ ಸಮಯವಿತ್ತು. ಆಗ ನಾನು ಅವಳ ಮನೆಯಲ್ಲೇ ಇದ್ದೆ, ದಿನಾ ಅವಳಿಗೆ ರೊಟ್ಟಿ ಬಡಿದು ಹಾಕುತ್ತಿದ್ದೆ. ಆದರೂ ಹೇಳಲಿಲ್ಲ.

ನಾನು ಓದಿದ್ದು ಏಳನೆಯ ಇಯತ್ತೆಯವರೆಗೆ. ಹಾವೇರಿ ಕಡೆಯ ನಮ್ಮೂರಿನಲ್ಲಿ ಆಗ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅವಳು ದೊಡ್ಡವಳಾಗುವ ಹೊತ್ತಿಗೆ ಊರಿಗೆ ಬಸ್ಸು ಬಂದಿತ್ತು, ಹೈಸ್ಕೂಲಿಗೆ ಹೋಗಿಬರಬಹುದಿತ್ತು. ಅವ್ವ ತೀರಿಕೊಂಡ ಮೇಲೆ ಅವಳನ್ನು ಬೆಳೆಸಿದವಳು ನಾನು ನಿಜ, ಆದರೆ ಅವಳಿಗಾಗಿ ನಾನು ಶಾಲೆ ಬಿಟ್ಟೆ ಎಂದು ನೆಂಟರು ಹೇಳುವುದು ನಿಜವಲ್ಲ. ಅವಳ ಓದಿನ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತೇ ಎಂದು ಬಹಳ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಇರಲಿಲ್ಲ. ಇದ್ದಿದ್ದರೆ ನನ್ನ ತಪ್ಪಿಗೆ ಒಂದು ಕಾರಣವಾದರೂ ಸಿಗುತ್ತಿತ್ತು.

ಅವಳು ಧಾರವಾಡದಲ್ಲಿ ಪ್ರಾಚೀನ ಇತಿಹಾಸ ಓದಿದಳು. ಕಂಪ್ಯೂಟರ್ ಕೆಲಸದಲ್ಲಿದ್ದ ಬೆಂಗಳೂರಿನ ಹುಡುಗನನ್ನು ಮದುವೆಯಾಗಿ ಯುಟ್ರೆಕ್ಟ್‌ಗೆ ಹೋದಳು, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗೆ ಸೇರಿಕೊಂಡಳು. ಆರಿಸಿಕೊಂಡ ವಿಷಯ ಮಾತ್ರ ನಮ್ಮ ಊರಿನ ಕಡೆಯದೇ: ಹಳೆಯ ಕೆರೆಗಳು ಮತ್ತು ಅವುಗಳ ಬಳಿ ಇರುವ ಶಾಸನದ ಕಲ್ಲುಗಳು. ಕೆರೆಯನ್ನು ಕಟ್ಟಿದವರು ಯಾರು, ಹೂಳು ತೆಗೆಯುತ್ತಿದ್ದವರು ಯಾರು, ಅವರಿಗೆ ಊರು ಏನು ಕೊಡುತ್ತಿತ್ತು ಎಂಬುದನ್ನೆಲ್ಲ ಅವಳು ಕಲ್ಲುಗಳಿಂದ ಓದಿ ತೆಗೆಯುತ್ತಿದ್ದಳು. ಒಂದು ಬೇಸಿಗೆ ಪೂರ್ತಿ ಊರೂರು ಅಲೆದಳು, ನಾನೂ ಜೊತೆಗೆ ಹೋಗಿದ್ದೆ. ಆಗಲೇ ನನಗೆ ಪಡಿಯಚ್ಚು ತೆಗೆಯುವುದನ್ನು ಕಲಿಸಿದಳು. ಕಲ್ಲನ್ನು ತಿಕ್ಕಿ ತೊಳೆದು, ಒದ್ದೆ ಕಾಗದ ಹಾಸಿ, ಗಟ್ಟಿ ಬ್ರಶ್ಶಿನಿಂದ ಬಡಿಯಬೇಕು. ಕಾಗದ ಅಕ್ಷರದ ತಗ್ಗಿನೊಳಗೆ ಇಳಿಯುತ್ತದೆ. ಆಮೇಲೆ ಬಟ್ಟೆಯ ಉಂಡೆಗೆ ಮಸಿ ಹಚ್ಚಿ ಮೇಲೆ ಮೇಲೆ ಒತ್ತುತ್ತಾ ಹೋದರೆ ಕಲ್ಲು ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ನನ್ನ ಕೈ ಅದಕ್ಕೆ ಚೆನ್ನಾಗಿ ಕೂತಿತು. ನನ್ನ ಅಚ್ಚುಗಳಲ್ಲಿ ಮಸಿ ಎಲ್ಲೂ ಹರಡುವುದಿಲ್ಲ ಎಂದು ಅವಳು ಹೊಗಳಿದ್ದಳು.

ಅವಳು ಹಿಂದಿರುಗುವ ಹೊತ್ತಿಗೆ ಒಂದು ಕಲ್ಲು ಉಳಿದುಹೋಯಿತು. ನಮ್ಮೂರಿನಿಂದ ಎರಡು ಬಸ್ಸು ಬದಲಿಸಿ ಹೋಗಬೇಕಾದ ಹಳ್ಳಿ, ಅಲ್ಲಿ ಬತ್ತಿದ ಒಂದು ದೊಡ್ಡ ಕೆರೆ. ಅದರ ಏರಿಯ ಮೇಲೆ, ನೀರು ಬಿಡುವ ತೂಬಿನ ಪಕ್ಕದಲ್ಲಿ ಬರಹವಿರುವ ಕಲ್ಲು ಇದೆಯಂತೆ ಎಂದು ಯಾರೋ ಮಾಸ್ತರರು ಹೇಳಿದ್ದರು. ಕಾಗದ, ಮಸಿ, ಬ್ರಶ್ಶು, ಒಂದು ಸಣ್ಣ ಕ್ಯಾಮೆರಾ ನನ್ನ ಕೈಗೆ ಕೊಟ್ಟು, ಅಚ್ಚು ತೆಗೆ, ಕಲ್ಲು ಎಲ್ಲಿದೆ ಎಂಬುದು ಕಾಣುವ ಹಾಗೆ ಫೋಟೋ ತೆಗೆ ಎಂದು ಹೇಳಿ ಹೋದಳು.

ನಾನು ಬಹಳ ದಿನ ಹೋಗಲಿಲ್ಲ. ಹತ್ತಿ ಬಿಡಿಸುವ ಕೆಲಸ, ಮನೆಯ ಕೆಲಸ. ಫೋನಿನಲ್ಲಿ ಅವಳು ಕೇಳಿದಾಗಲೆಲ್ಲ ಈ ವಾರ ಹೋಗುತ್ತೇನೆ ಎನ್ನುತ್ತಿದ್ದೆ. ಕೊನೆಗೆ ಹೋದ ದಿನ ಏರಿಯವರೆಗೆ ಹೋಗುವ ಪ್ರಸಂಗವೇ ಬರಲಿಲ್ಲ. ಬಸ್ಸಿಳಿದು ಕೇಳಿದರೆ, ಬರಹದ ಕಲ್ಲು ಊರ ಬಾವಿಯ ಹತ್ತಿರ ಇದೆಯಲ್ಲ ಎಂದರು. ಹೋಗಿ ನೋಡಿದೆ. ಹೆಂಗಸರು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಇದು ಇಲ್ಲಿಗೆ ಎಲ್ಲಿಂದ ಬಂತು ಎಂದು ಕೇಳಿದೆ. ಕೆರೆಯಿಂದ ಟ್ರ್ಯಾಕ್ಟರಿನಲ್ಲಿ ತಂದದ್ದು ಎಂದಳು ಒಬ್ಬಳು. ಅಲ್ಲ, ಹಳ್ಳದ ಆಚೆ ಬಿದ್ದುಹೋದ ಗುಡಿಯ ಹೊಲದಿಂದ ಬಂದದ್ದು ಎಂದಳು ಇನ್ನೊಬ್ಬಳು. ಟ್ರ್ಯಾಕ್ಟರಿನವನು ಅಲ್ಲೇ ಹೊಲದಲ್ಲಿದ್ದಾನೆ, ಕೇಳಿಕೊಂಡು ಬಾ ಎಂದು ಇಬ್ಬರೂ ಕೈ ತೋರಿಸಿದರು. ಹೊಲ ಕಣ್ಣಿಗೆ ಕಾಣುವಷ್ಟು ದೂರದಲ್ಲಿತ್ತು. ನಾನು ಹೋಗಲಿಲ್ಲ. ಸೋಪಿನ ನೊರೆ ತೊಳೆದು, ಅಚ್ಚು ತೆಗೆದು, ಎರಡು ಫೋಟೋ ಹೊಡೆದು, ಮಧ್ಯಾಹ್ನದ ಬಸ್ಸಿಗೆ ಬಂದುಬಿಟ್ಟೆ. ಅಕ್ಷರ ಚೆನ್ನಾಗಿ ಬಂದಿದ್ದವು. ಕಲ್ಲಿನ ಮೇಲೆ ಬರೆದದ್ದಷ್ಟೇ ಅವಳಿಗೆ ಬೇಕಾದದ್ದು ಎಂದುಕೊಂಡಿದ್ದೆ. ಕಲ್ಲು ನಿಂತ ಜಾಗವೂ ಬರಹದ ಒಂದು ಭಾಗ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಆ ಭಾನುವಾರ ಅವಳ ಫೋನು ಬಂತು. ಊರಿನ ಫೋನ್ ಅಂಗಡಿಯಲ್ಲಿ ನನ್ನ ಹಿಂದೆ ಜನ ನಿಂತಿದ್ದರು. ಅಚ್ಚು ಸಿಕ್ಕಿತು ಎಂದ ಕೂಡಲೇ ಅವಳ ದನಿಯೇ ಬದಲಾಯಿತು.

"ಏರಿ ಮ್ಯಾಲೇ ಐತೆಲ್ಲ ಅಕ್ಕಾ, ತೂಬಿನ ಬಾಜೂಕ?"

"ಹೂಂ" ಎಂದೆ.

"ನೀ ಕಣ್ಣಿಲೆ ನೋಡೀದಿ ಹೌದಿಲ್ಲೋ?"

"ನೋಡದ ಅಚ್ಚು ಹೆಂಗ ತಗೀಲಿ? ಅಲ್ಲೇ ಐತಿ, ನೋಡೇನಿ."

ಅಷ್ಟು ದಿನ ಹೋಗದೆ ಉಳಿದದ್ದಕ್ಕೆ ನಾಚಿಕೆ ಇತ್ತು. ಹೋದವಳು ಏರಿ ಹತ್ತಲಿಲ್ಲ ಎಂದು ಹೇಳಲು ಇನ್ನೂ ನಾಚಿಕೆಯಾಯಿತು. ಅದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ. ಆದರೆ ಕ್ಯಾಮೆರಾದಲ್ಲಿ ಬಾವಿಯ ಫೋಟೋ ಇತ್ತು. ಮನೆಗೆ ಬಂದು ಅಂಗಳದಲ್ಲಿ ನಿಂತು, ಅದರ ಬೆನ್ನು ತೆರೆದು ರೀಲನ್ನು ಬಿಸಿಲಿಗೆ ಎಳೆದು ಹಾಕಿದೆ. ಬೆಳಕು ಬಿದ್ದು ಹಾಳಾಯಿತು ಎಂದು ಮುಂದಿನ ಸಲ ಹೇಳಿದೆ. ಹೋಗಲಿ ಬಿಡು, ನೀನು ನೋಡಿದ್ದೀಯಲ್ಲ ಎಂದಳು.

ಎರಡು ವರ್ಷ ಕಳೆದು, ತೊಂಬತ್ತೆಂಟರ ಚಳಿಗಾಲದಲ್ಲಿ, ಅವಳ ಬಾಣಂತನಕ್ಕೆಂದು ನಾನು ಯುಟ್ರೆಕ್ಟ್‌ಗೆ ಹೋದೆ. ಕಲ್ಲು ಆಗಲೇ ನನಗೆ ಮರೆತುಹೋಗಿತ್ತು. ಜೋಳದ ಹಿಟ್ಟು, ಅಂಟಿನುಂಡಿ, ಅಜವಾನ, ಮಗುವಿಗೆ ಹಳೆಯ ಮೆತ್ತನೆ ಸೀರೆಯ ಕುಲಾವಿಗಳನ್ನು ಕಟ್ಟಿಕೊಂಡು ಹೋಗಿದ್ದೆ. ಅವರ ಮನೆ ಮೂರನೆಯ ಮಹಡಿಯಲ್ಲಿ. ಮೆಟ್ಟಿಲು ಎಷ್ಟು ಕಡಿದಾಗಿತ್ತೆಂದರೆ ತುಂಬಿದ ಬಸುರಿ ಅದನ್ನು ಹತ್ತುವುದನ್ನು ನೋಡಲು ನನಗೆ ಭಯವಾಗುತ್ತಿತ್ತು.

ಅವಳು ಬರೆದು ಮುಗಿಸಿದ್ದಳು. ಪರೀಕ್ಷಕರು ಒಪ್ಪಿದ್ದರು. ಆ ದೇಶದಲ್ಲಿ ಪ್ರಬಂಧವನ್ನು ಮೊದಲು ಪುಸ್ತಕವಾಗಿ ಅಚ್ಚು ಹಾಕಿಸಿ ಹಂಚುತ್ತಾರೆ, ಆಮೇಲೆ ಎಲ್ಲರೆದುರು ಪರೀಕ್ಷೆ ನಡೆಯುತ್ತದೆ. ನಾನು ಹೋದ ವಾರ ಅವಳು ಅಚ್ಚಿಗೆ ಕೊಡುವ ಹಾಳೆಗಳನ್ನು ಕೊನೆಯ ಸಲ ನೋಡುತ್ತಿದ್ದಳು. ಹೊಟ್ಟೆ ಅಡ್ಡ ಬರುವುದೆಂದು ಕುರ್ಚಿಯನ್ನು ಮೇಜಿನಿಂದ ದೂರ ಸರಿಸಿಕೊಂಡು, ಕೈ ಚಾಚಿ ತಿದ್ದುತ್ತಿದ್ದಳು. ನಾನು ಅಡುಗೆ ಕಟ್ಟೆಯ ಮೇಲೆ ರೊಟ್ಟಿ ಬಡಿಯುತ್ತಿದ್ದೆ.

"ಇಲ್ಲಿ ಬಾ ಅಕ್ಕಾ, ನಿನ್ನ ಕಲ್ಲು ನೋಡು ಬಾ" ಎಂದು ಕರೆದಳು.

ನಾನು ತೆಗೆದ ಅಚ್ಚು ಪುಟದ ತುಂಬ ಇತ್ತು. ಪಕ್ಕದಲ್ಲಿ ಕೆರೆಯ ನಕ್ಷೆ, ನಕ್ಷೆಯಲ್ಲಿ ತೂಬಿನ ಹತ್ತಿರ ಒಂದು ಕಪ್ಪು ಚುಕ್ಕೆ. ಆ ಕಲ್ಲಿನಲ್ಲಿ ಏನಿದೆ ಎಂದು ಅವಳು ನನಗೆ ಬಿಡಿಸಿ ಹೇಳಿದಳು. ಈ ತೂಬಿನ ಹೂಳು ತೆಗೆಯುವವರಿಗೆ ಊರವರು ಇಂತಿಷ್ಟು ಗದ್ದೆ ಬಿಟ್ಟಿದ್ದಾರೆ ಎಂದು ಬರೆದಿದೆಯಂತೆ. ಆ ಕೆರೆಯನ್ನು ಒಬ್ಬ ರಾಜ ಕಟ್ಟಿಸಿದನೆಂದು ಇಲ್ಲಿಯತನಕ ಎಲ್ಲರೂ ತಿಳಿದಿದ್ದರು. ಆದರೆ ಕಲ್ಲಿನ ಅಕ್ಷರ ಆ ರಾಜನಿಗಿಂತ ಬಹಳ ಹಿಂದಿನದು. ಕಲ್ಲು ಆ ತೂಬಿನ ಪಕ್ಕದಲ್ಲೇ ನಿಂತಿದೆ ಎಂದ ಮೇಲೆ ತೂಬೂ ಅಷ್ಟೇ ಹಳೆಯದು, ಕೆರೆಯೂ ಅಷ್ಟೇ ಹಳೆಯದು. ಅಂದರೆ ರಾಜರು ಬರುವ ಮೊದಲೇ ಊರ ಜನ ತಾವೇ ಕಟ್ಟಿಕೊಂಡು ನೋಡಿಕೊಂಡ ಕೆರೆ ಅದು. ಇದು ಅವಳ ನಾಲ್ಕನೆಯ ಅಧ್ಯಾಯ. ಹೇಳುವಾಗ ಅವಳ ಮುಖ ಹೊಳೆಯುತ್ತಿತ್ತು.

ನನ್ನ ಕೈಯ ಹಿಟ್ಟು ಒಣಗಿ ಬಿರಿಯಿತು. ಕಲ್ಲು ಬೇರೆ ಕಡೆ ಇದ್ದಿದ್ದರೆ ಎಂದು ಕೇಳಿದೆ.

"ಬ್ಯಾರೆ ಕಡೆ ಇದ್ದಿದ್ರ ಅದು ಬ್ಯಾರೆ ಯಾವ್ದೋ ತೂಬಿನ ಮಾತು. ಈ ಅಧ್ಯಾಯ ಹರದು ಒಲಿಗೆ ಹಾಕಬೇಕಾಕ್ಕಿತ್ತು" ಎಂದು ನಕ್ಕಳು. "ನೀ ಹೋಗಿ ನೋಡಿ ಬಂದಿ, ಅದಕ್ಕ ಇದು ಉಳೀತು."

ಒಲೆಯ ಮೇಲಿನ ರೊಟ್ಟಿ ಹೊತ್ತಿತ್ತು. ನಾನು ಅಲ್ಲಿಗೆ ಓಡಿದೆ. ಊಟವಾದ ಮೇಲೆ ಹೇಳುತ್ತೇನೆ ಎಂದುಕೊಂಡೆ. ಊಟವಾದ ಮೇಲೆ ಅವಳು ಬೆನ್ನುನೋವೆಂದು ಮಲಗಿದಳು. ನಾಳೆ ಎಂದುಕೊಂಡೆ. ಆ ವಾರವೆಲ್ಲ ಹಾಗೇ ಕಳೆಯಿತು. ಅವಳ ಹಿಂದೆ ಹಿಂದೆ ತಿರುಗುತ್ತಿದ್ದೆ, ಬಾಯಿ ತೆರೆದು ಕಾಫಿ ಬೇಕೇ ಎಂದು ಕೇಳುತ್ತಿದ್ದೆ. ಹಾಳೆಗಳ ಕಟ್ಟನ್ನು ಅವಳ ಗಂಡ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮುದ್ರಣದವರಿಗೆ ಕೊಟ್ಟು ಬಂದ ದಿನ ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಸೈಕಲ್ಲು ಕಾಲುವೆಯ ಸೇತುವೆ ದಾಟಿ ತಿರುಗುವತನಕ ಕೂಗಿ ನಿಲ್ಲಿಸಬಹುದಿತ್ತು.

ಅದಾದ ಮೂರನೆಯ ದಿನ ಹೆಣ್ಣುಮಗು ಹುಟ್ಟಿತು.

ಅಲ್ಲಿಂದ ಮುಂದೆ ನನಗೆ ಒಂದು ನೆಪ ಸಿಕ್ಕಿತು. ಬಾಣಂತಿಯ ಮನಸ್ಸಿಗೆ ನೋವಾಗುವ ಮಾತು ಹೇಳಬಾರದು, ಹಾಲು ಬತ್ತುತ್ತದೆ. ನಮ್ಮಲ್ಲಿ ಮನೆಯಲ್ಲಿ ಸಾವಾದರೂ ಬಾಣಂತಿಗೆ ತಿಂಗಳುಗಟ್ಟಲೆ ತಿಳಿಸದೆ ಇದ್ದದ್ದುಂಟು. ನಾನು ಆ ನಿಯಮವನ್ನು ಬಿಗಿಯಾಗಿ ಹಿಡಿದೆ. ಅಲ್ಲಿನ ಪದ್ಧತಿಯಂತೆ ಒಂದು ವಾರ ಬಾಣಂತಿಯನ್ನು ನೋಡಿಕೊಳ್ಳಲು ಬರುತ್ತಿದ್ದ ಡಚ್ ಹೆಂಗಸಿಗೂ ನನಗೂ ಎಲ್ಲದರಲ್ಲೂ ಜಗಳ. ಅವಳು ಕಿಟಕಿ ತೆರೆಯುವಳು, ನಾನು ಮುಚ್ಚುವೆ. ನಾನು ತಂಗಿಯ ಕಿವಿಗೆ ಹತ್ತಿ ಇಟ್ಟರೆ ಅವಳು ತೆಗೆಯುವಳು. ಆದರೆ ಬಾಣಂತಿಗೆ ಯಾವ ಚಿಂತೆಯನ್ನೂ ಕೊಡಬೇಡಿ ಎಂದು ಅವಳೂ ಹೇಳಿದಳೆಂದು ತಂಗಿಯ ಗಂಡ ಕನ್ನಡದಲ್ಲಿ ತಿಳಿಸಿದಾಗ ನನಗೆ ಎಷ್ಟು ನೆಮ್ಮದಿಯಾಯಿತೋ ಹೇಳಲಾರೆ. ಹೇಳದೆ ಇರುವುದೇ ನನ್ನ ಕರ್ತವ್ಯ ಎಂಬಂತಾಯಿತು.

ಪುಸ್ತಕದ ಪೆಟ್ಟಿಗೆಗಳು ಮನೆಗೆ ಬಂದವು. ಬಾಗಿಲ ಪಕ್ಕದಲ್ಲಿ ಒಂದರ ಮೇಲೊಂದು ಇಟ್ಟರು. ಒಳಗೆ ಹೊರಗೆ ಓಡಾಡುವಾಗಲೆಲ್ಲ ನಾನು ಅವುಗಳನ್ನು ಒರೆಸಿಕೊಂಡೇ ಹೋಗಬೇಕಿತ್ತು. ಮೊದಲ ಪುಟದಲ್ಲಿ ಇಂಗ್ಲಿಷಿನಲ್ಲಿ ನನಗೆ ಕೃತಜ್ಞತೆ ಹೇಳಿದ್ದಳಂತೆ. ಆ ಸಾಲನ್ನು ಬೆರಳಿಟ್ಟು ತೋರಿಸಿ ಅರ್ಥ ಹೇಳಿದಳು: ಈ ಕೆಲಸದ ಅರ್ಧ ಕಣ್ಣು ನನ್ನ ಅಕ್ಕನದು. ನಾನು ಮಗುವಿನ ಬಟ್ಟೆ ಒಣಗಿಸಬೇಕೆಂದು ಎದ್ದು ಹೋದೆ.

ಆಮೇಲೆ ಅವಳು ಇನ್ನೊಂದು ಮಾತು ತೆಗೆದಳು. ಪರೀಕ್ಷೆಯ ದಿನ ಅಭ್ಯರ್ಥಿಯ ಪಕ್ಕದಲ್ಲಿ ಇಬ್ಬರು ನಿಲ್ಲಬೇಕಂತೆ. ಒಬ್ಬಳು ಜೊತೆಗೆ ಓದಿದ ಗೆಳತಿ. ಇನ್ನೊಬ್ಬಳು ನೀನು ಎಂದಳು. ನಾನು ಬೇಡವೇ ಬೇಡ ಎಂದೆ. ಇಂಗ್ಲಿಷ್ ಬಾರದವಳು, ಶಾಲೆ ಬಿಟ್ಟವಳು, ಅಲ್ಲಿ ನಿಂತು ಏನು ಮಾಡಲಿ?

"ಏನೂ ಮಾಡ್ಬೇಡಿ ಅಕ್ಕ" ಎಂದ ಅವಳ ಗಂಡ. "ಹಿಂದಿನ ಕಾಲದಲ್ಲಿ ಪ್ರೊಫೆಸರ್‌ಗಳು ಸಿಟ್ಟಿಗೆದ್ದು ಹೊಡೆಯೋಕೆ ಬಂದ್ರೆ ತಡೆಯೋಕೆ ಅಂತ ಇಬ್ರನ್ನ ನಿಲ್ಲಿಸ್ತಾ ಇದ್ರಂತೆ. ನೀವು ಬಾಡಿಗಾರ್ಡ್. ಆ ನರ್ಸ್‌ನ ಒಂದು ವಾರ ತಡ್ಕೊಂಡ್ರಲ್ಲ, ಇವರೇನು ಮಹಾ."

ತಂಗಿ ನಕ್ಕಳು. ನಾನೂ ನಕ್ಕೆ. ಒಪ್ಪಿಕೊಂಡೆ.

ಆ ದಿನ ಬೆಳಗ್ಗೆ ಇಳಕಲ್ ಸೀರೆ ಉಟ್ಟು, ಮೇಲೆ ಅವಳ ದಪ್ಪ ಕೋಟು ಹಾಕಿಕೊಂಡು ಹೋದೆ. ದೊಡ್ಡ ಚರ್ಚಿನ ಗೋಪುರದ ಹತ್ತಿರದ ಹಳೆಯ ಕಟ್ಟಡ. ಒಳಗೆ ಎತ್ತರದ ಸಭಾಂಗಣ, ಗೋಡೆಯ ತುಂಬ ಸತ್ತುಹೋದ ಪ್ರೊಫೆಸರರ ಚಿತ್ರಗಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಗೆಜ್ಜೆ ಕಟ್ಟಿದ ಕೋಲು ಹಿಡಿದ ಒಬ್ಬ ಹೆಂಗಸು ಮುಂದೆ, ಅವಳ ಹಿಂದೆ ಕಪ್ಪು ನಿಲುವಂಗಿಯ ಪ್ರೊಫೆಸರರು ಸಾಲಾಗಿ ಬಂದರು. ನಾವೆಲ್ಲ ಎದ್ದು ನಿಂತೆವು. ಆ ಕೋಲಿನವಳು ಮತ್ತೆ ಬಂದು ಹೊತ್ತಾಯಿತು ಎಂದು ಸಾರಿದರೆ ಪರೀಕ್ಷೆ ಮುಗಿದಂತೆ, ಅಲ್ಲಿಯತನಕ ಅವರು ಕೇಳುತ್ತಲೇ ಇರುತ್ತಾರೆ ಎಂದು ಮೊದಲೇ ತಿಳಿಸಿದ್ದರು. ತಂಗಿಯ ಗಂಡ ಹಿಂದಿನ ಸಾಲಿನಲ್ಲಿ ಮಗುವನ್ನು ಎದೆಗೆ ಕಟ್ಟಿಕೊಂಡು ನಿಂತಿದ್ದ.

ಒಬ್ಬೊಬ್ಬರೇ ಕೇಳಿದರು. ತಂಗಿ ನಿಂತು ಉತ್ತರ ಕೊಡುತ್ತಿದ್ದಳು. ಎಲ್ಲ ಇಂಗ್ಲಿಷಿನಲ್ಲಿ, ನನಗೆ ತಿಳಿಯಲಿಲ್ಲ. ಅವಳ ದನಿಯಷ್ಟೇ ಕೇಳುತ್ತಿದ್ದೆ. ದನಿ ಗಟ್ಟಿಯಾಗಿತ್ತು. ಬಾಗಿಲನ್ನೇ ನೋಡುತ್ತಿದ್ದೆ, ಕೋಲಿನವಳು ಬರಲಿ ಎಂದು. ಆಗ ಕೊನೆಯಲ್ಲಿ ಕುಳಿತಿದ್ದ ಬಿಳಿ ಗಡ್ಡದ ಮುದುಕರೊಬ್ಬರು ಪುಸ್ತಕ ತೆರೆದರು. ಬೇರೆ ಊರಿನ ವಿಶ್ವವಿದ್ಯಾಲಯದಿಂದ ಬಂದವರು, ನಮ್ಮ ಕಡೆಯ ಕೆರೆಗಳನ್ನು ಹಿಂದೆ ಕಾಲ್ನಡಿಗೆಯಲ್ಲಿ ಸುತ್ತಿ ನೋಡಿದವರು ಎಂದು ತಂಗಿ ಮೊದಲೇ ಹೇಳಿದ್ದಳು. ಅವರ ಮಾತಿನ ನಡುವೆ ಆ ಹಳ್ಳಿಯ ಹೆಸರು ಕೇಳಿಸಿತು. ತಂಗಿ ಉತ್ತರಿಸುತ್ತಾ ನನ್ನ ಕಡೆ ಕೈ ತೋರಿಸಿದಳು. ಸಭೆಯಲ್ಲಿ ಮೆಲ್ಲನೆ ನಗು ಎದ್ದಿತು. ಮುದುಕರು ನಡುವೆ ಕುಳಿತ ಅಧ್ಯಕ್ಷರ ಕಡೆ ತಿರುಗಿ ಏನೋ ಅನುಮತಿ ಕೇಳಿದರು. ಅವರು ತಲೆಯಾಡಿಸಿದರು. ಆಮೇಲೆ ಮುದುಕರು ನನ್ನನ್ನೇ ನೋಡಿ ಕನ್ನಡದಲ್ಲಿ ಮಾತಾಡಿದರು. ಪುಸ್ತಕದಿಂದ ಕಲಿತ ಕನ್ನಡ, ನಿಧಾನವಾಗಿ, ಒಂದೊಂದೇ ಶಬ್ದ.

"ಅಮ್ಮಾ, ಆ ಶಿಲೆಯನ್ನು ತಾವು ಎಲ್ಲಿ ಕಂಡಿರಿ?"

ಎಲ್ಲಿ ಎಂದು ಅವರು ಕೇಳಿದರು. ಅಷ್ಟು ದಿನ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಹೇಳಲು ಅದಕ್ಕಿಂತ ಒಳ್ಳೆಯ ದಾರಿ ಯಾರೂ ಕೊಡುವಂತಿರಲಿಲ್ಲ. ಬಾವಿಯ ಹತ್ತಿರ ಎಂದರೆ ಮುಗಿಯುತ್ತಿತ್ತು. ನಾನು ತಂಗಿಯ ಮುಖ ನೋಡಿದೆ. ಅವಳಿಗೆ ಯಾವ ಅಳುಕೂ ಇರಲಿಲ್ಲ, ನಾನು ಮಾತಾಡುವುದನ್ನು ಎಲ್ಲರೂ ಕೇಳಲಿ ಎಂಬ ಖುಷಿಯಿತ್ತು.

"ಕೆರೀ ಏರಿ ಮ್ಯಾಲ್ರಿ" ಎಂದೆ. "ತೂಬಿನ ಬಾಜೂಕ."

ಮುದುಕರು ತಲೆ ಬಾಗಿಸಿ ಧನ್ಯವಾದ ಎಂದರು. ಪುಸ್ತಕ ಮುಚ್ಚಿದರು. ತಂಗಿ ಯಾರಿಗೂ ಕಾಣದ ಹಾಗೆ ನನ್ನ ಕೈ ಹಿಸುಕಿದಳು. ಅದೇ ಹೊತ್ತಿಗೆ ಗೆಜ್ಜೆಯ ಸದ್ದಾಯಿತು, ಕೋಲಿನವಳು ಬಂದು ಸಾರಿದಳು.

ಅವಳಿಗೆ ಡಾಕ್ಟರೇಟ್ ಸಿಕ್ಕಿತು. ಕೆಂಪು ಕೊಳವೆಯಲ್ಲಿ ಸುತ್ತಿಟ್ಟ ಪದವಿಯ ಹಾಳೆ ಕೊಟ್ಟರು. ಜನ ಬಂದು ಅವಳ ಕೈ ಕುಲುಕಿದರು, ನನ್ನ ಕೈಯನ್ನೂ ಕುಲುಕಿದರು. ಬೆಂಗಳೂರಿನ ಕಡೆಯ ಗೆಳೆಯರು ಅಕ್ಕ ಸೂಪರ್ ಎಂದರು. ಆ ದಿನ ನಾನು ಏನನ್ನೂ ತಿನ್ನಲಿಲ್ಲ. ಸುಸ್ತಾಗಿದೆ ಎಂದೆ, ಎಲ್ಲರೂ ನಂಬಿದರು.

ಅದಕ್ಕೂ ಮೊದಲು ನನ್ನ ಸುಳ್ಳು ಹಳೆಯದಾಗಿತ್ತು, ದೂರದ್ದಾಗಿತ್ತು. ಈಗ ಅದನ್ನು ಎಲ್ಲರೆದುರು ಹೊಸದಾಗಿ ಹೇಳಿಬಂದಿದ್ದೆ. ಪುಸ್ತಕಗಳು ಒಂದೊಂದೇ ಅಂಚೆಗೆ ಹೋಗತೊಡಗಿದವು. ಅವಳ ಗಂಡ ಕೆಲಸಕ್ಕೆ ಹೋಗುವಾಗ ಚೀಲ ತುಂಬ ಒಯ್ಯುತ್ತಿದ್ದ. ಪೆಟ್ಟಿಗೆಯ ರಾಶಿ ದಿನದಿನಕ್ಕೂ ಇಳಿಯುತ್ತಿತ್ತು. ವೀಸಾ ಮುಗಿಯಲು ಸ್ವಲ್ಪ ದಿನ ಉಳಿದಿತ್ತು. ಹೇಳದೆ ಊರಿಗೆ ಹೋದರೆ ಮತ್ತೆಂದೂ ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ಹೇಳಿದ್ದು ಮಗುವಿಗೆ ಎರೆಯುವಾಗ. ಅವರ ಬಚ್ಚಲುಮನೆ ಬಹಳ ಸಣ್ಣದು. ನಾನು ಗೋಡೆಗೆ ಒರಗಿ ಕಾಲು ಚಾಚಿ ಕುಳಿತು, ಕಾಲಿನ ಮೇಲೆ ಮಗುವನ್ನು ಬೋರಲು ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದೆ. ತಂಗಿ ಕಮೋಡಿನ ಮುಚ್ಚಳದ ಮೇಲೆ ಟವೆಲ್ಲು ಹಿಡಿದು ಕುಳಿತಿದ್ದಳು. ಕಾಲಿನ ಮೇಲೆ ಮಗು ಇದ್ದಾಗ ಎದ್ದು ಓಡಿಹೋಗಲು ಬರುವುದಿಲ್ಲ. ತಲೆ ಎತ್ತದೆ ಹೇಳಿದೆ. ಬಾವಿ, ಒಗೆಯುವ ಹೆಂಗಸರು, ಟ್ರ್ಯಾಕ್ಟರು, ಬಿಸಿಲಿಗೆ ಎಳೆದ ರೀಲು, ಎಲ್ಲವನ್ನೂ ಹೇಳಿದೆ.

ನೀರು ಆರುತ್ತದೆ, ಎರೆದು ಮುಗಿಸು ಎಂದಳು. ಮುಗಿಸಿದೆ. ಮಗುವನ್ನು ಟವೆಲ್ಲಿನಲ್ಲಿ ಸುತ್ತಿ ಎತ್ತಿಕೊಂಡಳು. ಆಮೇಲೆ ಒಂದೊಂದಾಗಿ ಕೇಳತೊಡಗಿದಳು. ಬಾವಿಯಿಂದ ಎಷ್ಟು ದೂರದಲ್ಲಿತ್ತು, ಬುಡದಲ್ಲಿ ಒಡೆದಿತ್ತೇ, ಬುಡಕ್ಕೆ ಹಳೆಯ ಗಾರೆ ಅಂಟಿಕೊಂಡಿತ್ತೇ, ಆ ಇಬ್ಬರು ಹೆಂಗಸರು ನಿಖರವಾಗಿ ಏನೆಂದರು. ಸಿಟ್ಟಿರಲಿಲ್ಲ. ಊರೂರು ಅಲೆಯುವಾಗ ಮುದುಕರನ್ನು ಕೂರಿಸಿಕೊಂಡು ಕೇಳುತ್ತಿದ್ದಳಲ್ಲ, ಅದೇ ದನಿ. ನನ್ನ ಜೊತೆ ಆ ದನಿಯಲ್ಲಿ ಅವಳು ಮಾತಾಡಿದ್ದು ಅದೇ ಮೊದಲು. ಬೈದಿದ್ದರೆ ಸಹಿಸಬಹುದಿತ್ತು.

"ಆ ಅಜ್ಜಾರು ಎಲ್ಲಿ ಅಂತ ಕೇಳಿದ್ರಲ್ಲ" ಎಂದಳು ಕೊನೆಗೆ. "ಅವಾಗರ ಹೇಳಬೇಕಿಲ್ಲೇನು?"

"ನಿನ್ನ ಡಿಗ್ರಿ ಹೊಕ್ಕೈತಂತ ಅಂಜಿದ್ನವಾ."

"ಹೋಗ್ತಿರಲಿಲ್ಲ. ನನಗ ಗೊತ್ತಿಲ್ಲ ಅಂತ ಅಂದು ಮುಂದಿನ ಪ್ರಶ್ನಿಗೆ ಹೋಗ್ತಿದ್ದೆ. ಗೊತ್ತಿಲ್ಲ ಅಂದ್ರ ಇಲ್ಲಿ ಯಾರೂ ಏನೂ ಕಸ್ಗೊಳ್ಳೂದಿಲ್ಲ. ಈಗ ಮಾತ್ರ ಏನಾಕ್ಕೈತೋ ಗೊತ್ತಿಲ್ಲ."

ಮರುದಿನ ಅವಳು ನನ್ನನ್ನು ತನ್ನ ಪ್ರೊಫೆಸರರ ಬಳಿಗೆ ಕರೆದುಕೊಂಡು ಹೋದಳು. ನೀನೇ ಹೇಳಬೇಕು, ನಾನು ತರ್ಜುಮೆ ಮಾಡುತ್ತೇನೆ ಎಂದಳು. ಕಾಲುವೆಯ ದಂಡೆಯ ಒಂದು ಹಳೆಯ ಮನೆ, ಮೇಲೆ ಪುಸ್ತಕ ತುಂಬಿದ ಕೋಣೆ. ಪ್ರೊಫೆಸರ್ ಕತ್ತರಿಸಿದ ನರೆಗೂದಲಿನ ಹೆಂಗಸು. ಮಳೆಯಲ್ಲಿ ಸೈಕಲ್ ತುಳಿದುಕೊಂಡು ಬಂದಿದ್ದರು, ಕನ್ನಡಕ ಒರೆಸಿಕೊಳ್ಳುತ್ತಾ ನಮ್ಮನ್ನು ಕೂರಿಸಿದರು. ನಾನು ಕನ್ನಡದಲ್ಲಿ ಹೇಳಿದೆ, ತಂಗಿ ಅದನ್ನು ಅವರಿಗೆ ಹೇಳಿದಳು. ನನಗೆ ಆ ಭಾಷೆ ಬರುವುದಿಲ್ಲ, ಆದರೂ ಅವಳು ಎಲ್ಲಿಯೂ ಮೆತ್ತಗೆ ಮಾಡಲಿಲ್ಲ ಎಂದು ತಿಳಿಯಿತು. ರೀಲನ್ನು ಬಿಸಿಲಿಗೆ ಎಳೆದದ್ದನ್ನು ಹೇಳುವಾಗ ಅವಳ ಕೈಯೂ ಗಾಳಿಯಲ್ಲಿ ಎಳೆಯಿತು.

ಪ್ರೊಫೆಸರ್ ಪುಸ್ತಕ ತೆಗೆದು ನಾಲ್ಕನೆಯ ಅಧ್ಯಾಯವನ್ನು ತಿರುವಿ ನೋಡಿದರು. ಅವರ ಮಾತನ್ನು ತಂಗಿ ನನಗೆ ಹೇಳಿದಳು. ಪದವಿ ಹೋಗುವುದಿಲ್ಲ, ಉಳಿದ ಅಧ್ಯಾಯಗಳು ಗಟ್ಟಿಯಾಗಿವೆ. ಆದರೆ ಸಭೆಯಲ್ಲಿ ಕುಳಿತಿದ್ದವರಿಗೆಲ್ಲ ತಿಳಿಸಬೇಕು, ಪುಸ್ತಕದಲ್ಲಿ ತಿದ್ದುಪಡಿಯ ಚೀಟಿ ಅಂಟಿಸಬೇಕು. ದೊಡ್ಡ ಪ್ರಕಾಶಕರೊಬ್ಬರು ಪುಸ್ತಕವನ್ನು ಮತ್ತೆ ಪ್ರಕಟಿಸುವ ಮಾತಿತ್ತು. ನಾಲ್ಕನೆಯ ಅಧ್ಯಾಯವೇ ಅದರ ಜೀವ ಎಂದು ಅವರು ಹೇಳಿದ್ದರಂತೆ. ಇನ್ನು ಅದನ್ನು ಮರೆಯಬೇಕು. ಆ ಪುಸ್ತಕ ಬಂದರೆ ಸಿಗಬಹುದೆಂದು ತಂಗಿ ಕಾಯುತ್ತಿದ್ದ ಒಂದು ಕೆಲಸವಿದೆ ಎಂಬುದು ನನಗೆ ತಿಳಿದದ್ದು ಆ ದಿನವೇ. ಅದನ್ನು ಅವಳು ತರ್ಜುಮೆ ಮಾಡಲಿಲ್ಲ. ಬಸ್ಸು ಹಿಡಿದು ಮನೆಗೆ ಬರುವಾಗ, ಪ್ರೊಫೆಸರ್ ಕೊನೆಗೆ ಏನೆಂದರು ಎಂದು ನಾನು ಕೇಳಿದ್ದಕ್ಕೆ, ಕಿಟಕಿಯ ಹೊರಗೆ ನೋಡುತ್ತಾ ಹೇಳಿದಳು.

ಚೀಟಿಗಳು ಮೂರು ದಿನದಲ್ಲಿ ಬಂದವು. ಊಟದ ಮೇಜಿನ ಮೇಲೆ ಹಾಳೆ ಹಾಸಿ, ಉಳಿದಿದ್ದ ಪುಸ್ತಕಗಳನ್ನು ತೆಗೆದು, ನಾಲ್ಕನೆಯ ಅಧ್ಯಾಯದ ಮೊದಲ ಪುಟದಲ್ಲಿ ನಾವಿಬ್ಬರೂ ಅಂಟಿಸಿದೆವು. ಅವಳು ಪುಟ ತೆರೆದು ಕೊಡುವಳು, ನಾನು ಅಂಟು ಹಚ್ಚಿ ಒತ್ತುವೆ. ಚೀಟಿಯಲ್ಲಿ ಏನಿದೆ ಎಂದು ಕೇಳಿದೆ. ಕಲ್ಲಿನ ಮೂಲ ಜಾಗ ಖಚಿತವಿಲ್ಲ, ಆದ್ದರಿಂದ ಕೆರೆಯ ಕಾಲದ ಬಗ್ಗೆ ಇಲ್ಲಿ ಹೇಳಿದ್ದನ್ನು ಹಿಂತೆಗೆದುಕೊಳ್ಳಲಾಗಿದೆ, ತಪ್ಪು ಲೇಖಕಿಯದು ಎಂದು ಓದಿದಳು.

"ತಪ್ಪು ನಂದು ಅಂತ ಹಾಕು. ಅಕ್ಕ ಸುಳ್ಳು ಹೇಳಿದ್ಲು ಅಂತ ಹಾಕು" ಎಂದೆ.

"ನೋಡದ ಬರದಾಕಿ ನಾನು. ಪುಸ್ತಕ ನಂದು" ಎಂದಳು. ಇನ್ನೊಂದು ಪುಸ್ತಕ ತೆರೆದು ನನ್ನ ಮುಂದೆ ಸರಿಸಿದಳು.

ಅದು ನನ್ನನ್ನು ಉಳಿಸುವುದಕ್ಕೆ ಆಡಿದ ಮಾತಲ್ಲ. ಅವಳು ಹಾಗೇ ನಂಬಿದ್ದಳು. ಆ ಮಾತಿನಲ್ಲಿ ನನಗೆ ಪಾಲೇ ಇರಲಿಲ್ಲ, ತಪ್ಪಿನಲ್ಲೂ ಇರಲಿಲ್ಲ. ಅರ್ಧ ಕಣ್ಣು ಎಂದು ಬರೆದಿದ್ದ ಮೊದಲ ಪುಟದ ಮೇಲೆ ಅವಳು ಏನನ್ನೂ ಅಂಟಿಸಲಿಲ್ಲ. ಅಂಟಿಸು ಎಂದು ಹೇಳಲು ನನಗೂ ಬಾಯಿ ಬರಲಿಲ್ಲ.

ಆ ಕೆಲಸ ಬೇರೆಯವರಿಗೆ ಹೋಯಿತು. ಅದಕ್ಕೂ ಕಲ್ಲಿಗೂ ಸಂಬಂಧವಿಲ್ಲ ಎಂದು ಅವಳು ಹೇಳುತ್ತಾಳೆ. ಮುಂದಿನ ಬೇಸಿಗೆಯಲ್ಲಿ ಊರಿಗೆ ಬಂದಾಗ ಆ ಹಳ್ಳಿಗೆ ಒಬ್ಬಳೇ ಹೋಗಿ ಬಂದಳು. ಟ್ರ್ಯಾಕ್ಟರಿನವನು ಅಷ್ಟರಲ್ಲಿ ಹೊಲ ಮಾರಿ ಎಲ್ಲಿಗೋ ಹೋಗಿದ್ದ. ಏರಿಯ ಮೇಲೆ ತೂಬಿನ ಬಳಿ ಮಣ್ಣು ಹೊಸದಾಗಿ ಹೊಡೆದಿದ್ದರು, ಕಲ್ಲು ಕಿತ್ತ ಗುಂಡಿ ಇತ್ತೋ ಇಲ್ಲವೋ ಯಾರೂ ಹೇಳಲಿಲ್ಲ. ನಾನು ಹೋದ ದಿನ ಒಂದು ಹೊಲದಷ್ಟು ದೂರ ನಡೆದಿದ್ದರೆ ತಿಳಿಯುತ್ತಿತ್ತು. ಬಹುಶಃ ತಂಗಿ ಬರೆದದ್ದೇ ನಿಜವಿರಬಹುದು, ಕಲ್ಲು ಏರಿಯಿಂದಲೇ ಬಂದಿರಬಹುದು. ಆದರೆ ಅದನ್ನು ಇನ್ನು ಯಾರೂ ತೋರಿಸಲಾರರು.

ಚೀಟಿ ಅಂಟಿಸುವ ಮೊದಲೇ ಅಂಚೆಗೆ ಹೋದ ಪುಸ್ತಕಗಳು ದೇಶದೇಶದ ಗ್ರಂಥಾಲಯಗಳಲ್ಲಿವೆ. ಅವಕ್ಕೆಲ್ಲ ಅವಳು ಪತ್ರ ಬರೆದಳು, ಎಲ್ಲರೂ ಚೀಟಿ ಅಂಟಿಸಿದರೋ ಇಲ್ಲವೋ ತಿಳಿಯದು. ಈಚೆಗೆ ಯಾರೋ ಆ ಅಧ್ಯಾಯವನ್ನು ನಂಬಿ ಆ ಕೆರೆಯ ಬಗ್ಗೆ ಲೇಖನ ಬರೆದಿದ್ದಾರೆ ಎಂದು ಫೋನಿನಲ್ಲಿ ಹೇಳಿದಳು. ಅವರಿಗೂ ಬರೆಯಬೇಕು ಎಂದಳು, ದಣಿದ ದನಿಯಲ್ಲಿ. ಅದಕ್ಕೇ ನಾನು ಇದನ್ನು ಬರೆಯಲು ಕುಳಿತೆ. ಅವಳು ಚೀಟಿಯಲ್ಲಿ ಹಾಕಲು ಬಿಡದಿದ್ದದ್ದನ್ನು ಇಲ್ಲಿ ನಾನೇ ಹೇಳುತ್ತಿದ್ದೇನೆ. ನಾನು ಏರಿ ಹತ್ತಲಿಲ್ಲ. ಕಲ್ಲನ್ನು ಕಂಡದ್ದು ಊರ ಬಾವಿಯ ಹತ್ತಿರ, ಅದರ ಮೇಲೆ ಒದ್ದೆ ಬಟ್ಟೆಗಳಿದ್ದವು. ಅದಕ್ಕೂ ಮೊದಲು ಅದು ಎಲ್ಲಿತ್ತೋ ನನಗೆ ಗೊತ್ತಿಲ್ಲ.